ರಾತ್ರಿ ಎರಡರ ಜಾಬ್ ಯಾಕೆ ಓಡಲಿಲ್ಲ? ಮೈಎಸ್‌ಕ್ಯೂಎಲ್ ಸರ್ವರ್‌ನ ನಿಗದಿತ ಕೆಲಸಗಳ ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಬೆಳಗ್ಗೆ ಒಂಬತ್ತೂವರೆಗೆ ಫೋನ್ ಬರುತ್ತದೆ. "ಸರ್, ನಿನ್ನೆಯ ವರದಿ ತೆಗೆದರೆ ಮೊನ್ನೆಯ ಅಂಕಿಗಳೇ ಬರ್ತಿವೆ." ಇಲ್ಲವೇ, "ಮೇಡಂ, ಬ್ಯಾಕಪ್ ಫೋಲ್ಡರ್‌ನಲ್ಲಿ ಮೂರು ದಿನದಿಂದ ಹೊಸ ಫೈಲೇ ಇಲ್ಲ." ಎಲ್ಲರೂ ಮಲಗಿರುವಾಗ ತನ್ನಷ್ಟಕ್ಕೆ ನಡೆಯಬೇಕಿದ್ದ ಕೆಲಸ ಕೈಕೊಟ್ಟಿದೆ, ಅದು ಗೊತ್ತಾಗುವ ಹೊತ್ತಿಗೆ ಏಳೆಂಟು ಗಂಟೆ ಕಳೆದಿದೆ. ಆ ಹೊತ್ತಿನಲ್ಲಿ ಏನೇನು ನೋಡಬೇಕು, ಯಾವುದರ ನಂತರ ಯಾವುದು ಎಂಬುದನ್ನು ಕ್ರಮವಾಗಿ ಬರೆದಿದ್ದೇನೆ.

ಇಲ್ಲಿ ತೆಗೆದುಕೊಂಡಿರುವುದು ಲಿನಕ್ಸ್ ಮೇಲೆ ಓಡುವ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸರ್ವರ್. ಗೊತ್ತುಮಾಡಿದ ಹೊತ್ತಿಗೆ ತಾನಾಗಿ ಓಡುವ ಕೆಲಸವನ್ನೇ ‘ಜಾಬ್’ ಎಂದಿದ್ದೇನೆ. ಕಮಾಂಡ್‌ಗಳನ್ನು ಓದಲು ಸುಲಭವಾಗಲೆಂದು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಹಂತ 1: ಮೊದಲು ಕೈ ಕಟ್ಟಿಕೊಳ್ಳಿ

ಜಾಬ್ ಓಡಿಲ್ಲ ಎಂದು ಕೇಳಿದ ಕೂಡಲೇ ಅದನ್ನು ಕೈಯಿಂದ ಓಡಿಸಿಬಿಡುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಬೇಡ. ನಾನು ನೋಡಿಕೊಳ್ಳುತ್ತಿದ್ದ ಒಂದು ಪತ್ತಿನ ಸಂಘದ ಸರ್ವರ್‌ನಲ್ಲಿ ಬಡ್ಡಿ ಲೆಕ್ಕ ಹಾಕುವ ಜಾಬ್ ಓಡಿಲ್ಲವೆಂದು ಬೆಳಗ್ಗೆಯೇ ಕೈಯಾರೆ ಓಡಿಸಿದೆ. ನಿಜದಲ್ಲಿ ಅದು ರಾತ್ರಿ ಮುಕ್ಕಾಲು ಪಾಲು ಓಡಿ, ಕೊನೆಯ ಹಂತದಲ್ಲಿ ಬಿದ್ದಿತ್ತು. ಎರಡೆರಡು ಸಲ ಬಡ್ಡಿ ಬಿದ್ದ ಖಾತೆಗಳನ್ನು ಒಂದೊಂದಾಗಿ ಸರಿಪಡಿಸಲು ಎರಡು ದಿನ ಹಿಡಿಯಿತು.

ಹಾಗಾಗಿ ಮೊದಲು ತೀರ್ಮಾನವಾಗಬೇಕಾದದ್ದು ಒಂದೇ: ಇದು ನಾಲ್ಕರಲ್ಲಿ ಯಾವ ಬಗೆ? ಜಾಬ್ ಶುರುವೇ ಆಗಲಿಲ್ಲವೋ, ಶುರುವಾಗಿ ಮಧ್ಯದಲ್ಲಿ ಬಿತ್ತೋ, ಇನ್ನೂ ಓಡುತ್ತಲೇ ಇದೆಯೋ, ಅಥವಾ ಪೂರ್ತಿ ಓಡಿ ತಪ್ಪು ಫಲ ಕೊಟ್ಟಿತೋ? ನಾಲ್ಕಕ್ಕೂ ಹೊರಗಿನಿಂದ ಕಾಣುವ ಲಕ್ಷಣ ಒಂದೇ, ಮದ್ದು ಬೇರೆ ಬೇರೆ. ಮುಂದಿನ ಹಂತಗಳೆಲ್ಲ ಈ ನಾಲ್ಕನ್ನು ಬೇರ್ಪಡಿಸುವುದಕ್ಕೇ ಇವೆ.

ಹಂತ 2: ಜಾಬ್ ಎಲ್ಲಿ ವಾಸವಾಗಿದೆ?

ಮೈಎಸ್‌ಕ್ಯೂಎಲ್ ಸರ್ವರ್‌ನಲ್ಲಿ ನಿಗದಿತ ಕೆಲಸಗಳಿಗೆ ಸಾಮಾನ್ಯವಾಗಿ ಎರಡು ಮನೆ. ಒಂದು, ಡೇಟಾಬೇಸ್‌ನ ಒಳಗೇ ಇರುವ ಈವೆಂಟ್ ಸ್ಕೆಡ್ಯೂಲರ್; ಅದು ಓಡಿಸುವ ಒಂದೊಂದು ಕೆಲಸವೂ ಒಂದು ‘ಈವೆಂಟ್’. ಇನ್ನೊಂದು, ಹೊರಗೆ ಲಿನಕ್ಸ್‌ನಲ್ಲಿರುವ ಕ್ರಾನ್, ಅಂದರೆ ಹೊತ್ತಿಗೆ ಸರಿಯಾಗಿ ಕಮಾಂಡ್‌ಗಳನ್ನು ಓಡಿಸುವ ಸೇವೆ. ವರದಿ ಟೇಬಲ್ ತುಂಬುವುದು, ಹಳೆಯ ಸಾಲುಗಳನ್ನು ಅಳಿಸುವುದು ಮುಂತಾದವು ಬಹುತೇಕ ಒಳಗೆ, ಬ್ಯಾಕಪ್ ಹೊರಗೆ. ಆದರೆ ಹಳೆಯ ಸರ್ವರ್‌ಗಳಲ್ಲಿ ಈ ನಿಯಮವನ್ನು ನಂಬಬೇಡಿ, ಎರಡನ್ನೂ ನೋಡಿ.

ಒಳಗಿನದಕ್ಕೆ ‘ಶೋ ಈವೆಂಟ್ಸ್’ ಎಂದು ಕೊಟ್ಟರೆ ಪಟ್ಟಿ ಬರುತ್ತದೆ. ಆದರೆ ಅದು ತೋರಿಸುವುದು ನೀವು ಸದ್ಯ ಆರಿಸಿಕೊಂಡಿರುವ ಡೇಟಾಬೇಸ್‌ನ ಈವೆಂಟ್‌ಗಳನ್ನು ಮಾತ್ರ. ಜೊತೆಗೆ ನಿಮ್ಮ ಯೂಸರ್‌ಗೆ ಆ ಡೇಟಾಬೇಸ್ ಮೇಲೆ ಈವೆಂಟ್ ಪರ್ಮಿಷನ್ ಇರಬೇಕು. ಖಾಲಿ ಪಟ್ಟಿ ಕಂಡು "ಈವೆಂಟೇ ಇಲ್ಲ" ಎಂದು ತೀರ್ಮಾನಿಸಿದವರನ್ನು ಬಹಳ ಜನ ನೋಡಿದ್ದೇನೆ. ರೂಟ್ ಅಥವಾ ಅಷ್ಟೇ ಅಧಿಕಾರವಿರುವ ಯೂಸರ್ ಆಗಿ ಒಳಹೊಕ್ಕು ‘ಇನ್ಫರ್ಮೇಶನ್_ಸ್ಕೀಮಾ.ಈವೆಂಟ್ಸ್’ ಟೇಬಲ್ ಪೂರ್ತಿ ಓದಿ. ಎಲ್ಲ ಡೇಟಾಬೇಸ್‌ಗಳದ್ದೂ ಅಲ್ಲಿ ಸಿಗುತ್ತದೆ.

ನಿಜವಾಗಿಯೂ ಈವೆಂಟ್ ಮಾಯವಾಗಿದ್ದರೆ ಎರಡು ಕಾರಣಗಳನ್ನು ಮೊದಲು ಅನುಮಾನಿಸಿ. ಇತ್ತೀಚೆಗೆ ಸರ್ವರ್ ಬದಲಾಗಿದೆಯೇ? ಡೇಟಾಬೇಸನ್ನು ಫೈಲ್‌ಗೆ ಇಳಿಸುವ ‘ಮೈಎಸ್‌ಕ್ಯೂಎಲ್‌ಡಂಪ್’ ತಾನಾಗಿ ಟ್ರಿಗರ್‌ಗಳನ್ನು (ಟೇಬಲ್ ಬದಲಾದಾಗ ತಾನೇ ಓಡುವ ಕೋಡ್) ಎತ್ತಿಕೊಳ್ಳುತ್ತದೆ, ಈವೆಂಟ್‌ಗಳನ್ನು ಎತ್ತಿಕೊಳ್ಳುವುದಿಲ್ಲ. ಅದಕ್ಕೆ ‘--ಈವೆಂಟ್ಸ್’, ಸ್ಟೋರ್ಡ್ ಪ್ರೊಸೀಜರ್‌ಗಳಿಗೆ (ಡೇಟಾಬೇಸ್‌ನಲ್ಲೇ ಹೆಸರಿಟ್ಟು ಉಳಿಸಿದ ಕೋಡ್) ‘--ರೂಟೀನ್ಸ್’ ಎಂದು ಕೇಳಿಯೇ ತೆಗೆಸಬೇಕು. ಹೊಸ ಸರ್ವರ್‌ಗೆ ದತ್ತಾಂಶವೆಲ್ಲ ಬಂದು ಈವೆಂಟ್‌ಗಳು ಮಾತ್ರ ಹಳೆಯ ಮನೆಯಲ್ಲೇ ಉಳಿಯುವುದು ಹೀಗೆ. ಎರಡನೆಯದು, ಅವಧಿ ಮುಗಿದ ಈವೆಂಟನ್ನು ಮೈಎಸ್‌ಕ್ಯೂಎಲ್ ತಾನೇ ಅಳಿಸಿಹಾಕುತ್ತದೆ. ಉಳಿಯಬೇಕೆಂದರೆ ಈವೆಂಟ್ ಬರೆಯುವಾಗಲೇ ‘ಆನ್ ಕಂಪ್ಲೀಶನ್ ಪ್ರಿಸರ್ವ್’ ಎಂದು ಸೇರಿಸಿರಬೇಕು.

ಹಂತ 3: ಸ್ಕೆಡ್ಯೂಲರ್‌ಗೆ ಜೀವ ಇದೆಯೇ?

‘ಶೋ ವೇರಿಯಬಲ್ಸ್ ಲೈಕ್ 'ಈವೆಂಟ್_ಸ್ಕೆಡ್ಯೂಲರ್'’ ಎಂದು ಕೇಳಿ. ಆನ್, ಆಫ್, ಡಿಸೇಬಲ್ಡ್ ಎಂಬ ಮೂರರಲ್ಲಿ ಒಂದು ಬರುತ್ತದೆ. ಮೈಎಸ್‌ಕ್ಯೂಎಲ್ 8.0 ಆವೃತ್ತಿಯಿಂದ ಈಚೆಗೆ ಇದು ತಾನಾಗಿ ಆನ್ ಇರುತ್ತದೆ. 5.7 ಮತ್ತು ಅದಕ್ಕೂ ಹಳೆಯ ಆವೃತ್ತಿಗಳಲ್ಲಿ, ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದ ಮರಿಯಾಡಿಬಿಯಲ್ಲಿ, ತಾನಾಗಿ ಆಫ್.

ಆಫ್ ಇದ್ದರೆ ‘ಸೆಟ್ ಗ್ಲೋಬಲ್ ಈವೆಂಟ್_ಸ್ಕೆಡ್ಯೂಲರ್ = ಆನ್’ ಸಾಕು, ಆದರೆ ಸರ್ವರ್ ರೀಸ್ಟಾರ್ಟ್ ಆದಾಗ ಅದು ಮರೆತುಹೋಗುತ್ತದೆ. ‘ಇಷ್ಟು ದಿನ ಓಡುತ್ತಿತ್ತು, ದಿಢೀರನೆ ನಿಂತಿತು’ ಎಂಬ ದೂರುಗಳ ಹಿಂದೆ ಹೆಚ್ಚಾಗಿ ಇರುವುದು ಇದೇ. ಹಿಂದೆ ಯಾರೋ ಕೈಯಾರೆ ಆನ್ ಮಾಡಿದ್ದರು, ಕಾನ್ಫಿಗ್ ಫೈಲ್‌ನಲ್ಲಿ ಬರೆದಿರಲಿಲ್ಲ, ನಿನ್ನೆ ಕರೆಂಟ್ ಹೋಗಿ ಸರ್ವರ್ ಮತ್ತೆ ಎದ್ದಿದೆ. ‘ಶೋ ಗ್ಲೋಬಲ್ ಸ್ಟೇಟಸ್ ಲೈಕ್ 'ಅಪ್‌ಟೈಮ್'’ ಕೊಟ್ಟರೆ ಸರ್ವರ್ ಎದ್ದು ಎಷ್ಟು ಸೆಕೆಂಡ್ ಆಯಿತೆಂದು ತಿಳಿಯುತ್ತದೆ. 86,400ಕ್ಕಿಂತ ಕಡಿಮೆ ಇದ್ದರೆ ಕಳೆದ ಇಪ್ಪತ್ತನಾಲ್ಕು ಗಂಟೆಯೊಳಗೆ ಅದು ಬಿದ್ದು ಎದ್ದಿದೆ. ಶಾಶ್ವತ ಪರಿಹಾರಕ್ಕೆ 8.0ರಲ್ಲಿ ‘ಸೆಟ್ ಪರ್ಸಿಸ್ಟ್’ ಬಳಸಿ, ಹಳೆಯದರಲ್ಲಿ ಕಾನ್ಫಿಗ್ ಫೈಲ್‌ನ ‘ಮೈಎಸ್‌ಕ್ಯೂಎಲ್‌ಡಿ’ ವಿಭಾಗದಲ್ಲಿ ಬರೆಯಿರಿ. ಅಮೆಜಾನ್ ಆರ್‌ಡಿಎಸ್‌ನಂಥ ಕ್ಲೌಡ್ ಡೇಟಾಬೇಸ್ ಸೇವೆಗಳಲ್ಲಿ ಪ್ಯಾರಾಮೀಟರ್ ಗ್ರೂಪ್‌ನಲ್ಲಿ ಬದಲಿಸಬೇಕು. ಡಿಸೇಬಲ್ಡ್ ಎಂದಿದ್ದರೆ ಓಡುತ್ತಿರುವ ಸರ್ವರ್‌ನಲ್ಲಿ ಏನೂ ಮಾಡಲಾಗದು. ಕಾನ್ಫಿಗ್ ತಿದ್ದಿ ರೀಸ್ಟಾರ್ಟ್ ಮಾಡಲೇಬೇಕು.

ಆನ್ ಎಂದು ಬಂದರೂ ಅಲ್ಲಿಗೇ ನಿಲ್ಲಿಸಬೇಡಿ. ‘ಶೋ ಪ್ರೋಸೆಸ್‌ಲಿಸ್ಟ್’ ತೆಗೆದು, ‘ಈವೆಂಟ್_ಸ್ಕೆಡ್ಯೂಲರ್’ ಎಂಬ ಯೂಸರ್ ಹೆಸರಿನಲ್ಲಿ ‘ಡೀಮನ್’ ಎಂಬ ಸಾಲು ಕೂತಿದೆಯೇ ನೋಡಿ. ಸರ್ವರ್‌ನಲ್ಲಿ ಬರೆಯುವುದನ್ನು ತಡೆಯುವ ‘ಸೂಪರ್_ರೀಡ್_ಓನ್ಲಿ’ ಆನ್ ಆಗಿದ್ದರೆ, ಈವೆಂಟ್ ಓಡಿದ ಸಮಯವನ್ನು ಬರೆದಿಡಲು ಆಗದೆ ಸ್ಕೆಡ್ಯೂಲರ್ ನಿಂತುಹೋಗುತ್ತದೆ, ವೇರಿಯಬಲ್ ಮಾತ್ರ ಆನ್ ಎಂದೇ ತೋರಿಸುತ್ತಿರುತ್ತದೆ. 8.0.26ರಿಂದ ಈಚೆಗೆ ಆ ತಡೆ ತೆಗೆದ ಮೇಲೆ ಸ್ಕೆಡ್ಯೂಲರ್ ತಾನೇ ಏಳುತ್ತದೆ. ಅದಕ್ಕೂ ಹಿಂದಿನದಾದರೆ ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು.

ಹಂತ 4: ಈವೆಂಟ್‌ನ ಜಾತಕ ಓದಿ

‘ಇನ್ಫರ್ಮೇಶನ್_ಸ್ಕೀಮಾ.ಈವೆಂಟ್ಸ್’ನಲ್ಲಿ ನಿಮ್ಮ ಈವೆಂಟ್‌ನ ಸಾಲು ತೆಗೆದು, ಸ್ಟೇಟಸ್, ಸ್ಟಾರ್ಟ್ಸ್, ಎಂಡ್ಸ್, ಟೈಮ್_ಝೋನ್, ಡಿಫೈನರ್, ಲಾಸ್ಟ್_ಎಕ್ಸಿಕ್ಯೂಟೆಡ್, ಲಾಸ್ಟ್_ಆಲ್ಟರ್ಡ್ ಎಂಬ ಏಳು ಕಾಲಂಗಳನ್ನು ಒಂದು ಕಾಗದದ ಮೇಲೆ ಬರೆದುಕೊಳ್ಳಿ.

ಲಾಸ್ಟ್_ಎಕ್ಸಿಕ್ಯೂಟೆಡ್ ನಿನ್ನೆ ರಾತ್ರಿಯದ್ದಾಗಿದ್ದರೆ ಜಾಬ್ ಶುರುವಾಗಿದೆ ಎಂದಾಯಿತು. ಅಷ್ಟೇ. ಈ ಕಾಲಂ ಹೇಳುವುದು ಶುರುವಾದ ಸಮಯವನ್ನು, ಯಶಸ್ವಿಯಾದ ಸಮಯವನ್ನಲ್ಲ. ಮೊದಲ ಸಾಲಿನಲ್ಲೇ ಬಿದ್ದರೂ ಇಲ್ಲಿ ಹೊಸ ಸಮಯ ಕಾಣುತ್ತದೆ. ಮೈಎಸ್‌ಕ್ಯೂಎಲ್ ತನ್ನ ಈವೆಂಟ್‌ಗಳ ಇತಿಹಾಸವನ್ನು ಇಡುವುದೇ ಇಲ್ಲ. ಮೊನ್ನೆ, ಅದರ ಹಿಂದಿನ ದಿನ ಏನಾಯಿತು, ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ. ಆ ನೆನಪನ್ನು ನಾವೇ ಕಟ್ಟಿಕೊಡಬೇಕು. ಅದು ಹಂತ 9ರಲ್ಲಿದೆ, ಮತ್ತು ಈ ಬರಹದಲ್ಲಿ ಒಂದನ್ನೇ ಉಳಿಸಿಕೊಳ್ಳುವುದಾದರೆ ಆ ಹಂತವನ್ನು ಉಳಿಸಿಕೊಳ್ಳಿ.

ಸ್ಟೇಟಸ್‌ನಲ್ಲಿ ‘ಸ್ಲೇವ್‌ಸೈಡ್_ಡಿಸೇಬಲ್ಡ್’ ಎಂದಿದ್ದರೆ ಈ ಯಂತ್ರ ಹಿಂದೊಮ್ಮೆ ರೆಪ್ಲಿಕಾ, ಅಂದರೆ ಮುಖ್ಯ ಸರ್ವರ್‌ನ ನಕಲು ಇಟ್ಟುಕೊಳ್ಳುವ ಸರ್ವರ್, ಆಗಿತ್ತು ಎಂದರ್ಥ. ಒಂದೇ ಕೆಲಸ ಎರಡೂ ಕಡೆ ನಡೆಯಬಾರದೆಂದು ರೆಪ್ಲಿಕಾದಲ್ಲಿ ಈವೆಂಟ್‌ಗಳನ್ನು ಹೀಗೆ ಮಲಗಿಸಿಡಲಾಗುತ್ತದೆ. ಮುಖ್ಯ ಸರ್ವರ್ ಕೆಟ್ಟು, ರೆಪ್ಲಿಕಾವನ್ನೇ ಮುಖ್ಯ ಮಾಡಿಕೊಂಡಾಗ ಅವು ತಾವಾಗಿ ಏಳುವುದಿಲ್ಲ. ಒಂದೊಂದಕ್ಕೂ ‘ಆಲ್ಟರ್ ಈವೆಂಟ್ ... ಎನೇಬಲ್’ ಕೊಡಬೇಕು.

ಸ್ಟಾರ್ಟ್ಸ್ ಕಾಲಂ ನೋಡುವಾಗ ಗಮನಿಸಿ: ಈವೆಂಟ್ ಬರೆಯುವಾಗ ‘ಎವೆರಿ 1 ಡೇ’ ಎಂದಷ್ಟೇ ಹೇಳಿ ಸಮಯ ಹೇಳದಿದ್ದರೆ, ಬರೆದ ಗಳಿಗೆಯೇ ಅದರ ಸಮಯ. ಬೆಳಗ್ಗೆ 11:17ಕ್ಕೆ ಬರೆದಿದ್ದರೆ ದಿನಾ 11:17ಕ್ಕೆ, ಜನ ಕೆಲಸ ಮಾಡುವ ಹೊತ್ತಿನಲ್ಲೇ ಓಡುತ್ತದೆ. ಇನ್ನು, ಎರಡು ಗಂಟೆಗೆ ಸರ್ವರ್ ಮಲಗಿದ್ದು ಮೂರಕ್ಕೆ ಎದ್ದಿದ್ದರೆ, ತಪ್ಪಿದ ಸರದಿಯನ್ನು ಮೈಎಸ್‌ಕ್ಯೂಎಲ್ ಆಮೇಲೆ ತುಂಬಿಕೊಡುವುದಿಲ್ಲ. ಮುಂದಿನದು ನಾಳೆ ಎರಡಕ್ಕೇ.

ಹಂತ 5: ಗಡಿಯಾರಗಳನ್ನು ಹೊಂದಿಸಿ

ನಮ್ಮಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟುವ ಜಾಗ ಇದು. ಕ್ಲೌಡ್‌ನಲ್ಲಿ ತೆಗೆದುಕೊಂಡ ಸರ್ವರ್‌ಗಳು ಬಹುಪಾಲು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಗಡಿಯಾರದಲ್ಲಿರುತ್ತವೆ. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಸರ್ವರ್‌ನಲ್ಲಿ 02:00 ಎಂದು ಬರೆದ ಈವೆಂಟ್ ಇಲ್ಲಿ ಬೆಳಗ್ಗೆ 7:30ಕ್ಕೆ ಓಡುತ್ತದೆ. ಇದು ಬೇಗ ಸಿಕ್ಕಿಬೀಳುವ ತಪ್ಪು.

ಸಿಕ್ಕಿಬೀಳದ ತಪ್ಪು ಬೇರೆ ಇದೆ. ಯುಟಿಸಿ ಎಂದು ಗೊತ್ತಿದ್ದವರು ಜಾಣತನದಿಂದ 20:30 ಎಂದು ಬರೆಯುತ್ತಾರೆ, ನಮ್ಮ ರಾತ್ರಿ ಎರಡು ಗಂಟೆಗೆ ಸರಿಯಾಗಿ ಓಡುತ್ತದೆ. ಒಳಗಿನ ಕ್ವೆರಿಯಲ್ಲಿ ‘ಕರ್‌ಡೇಟ್() ಕಳೆ 1 ದಿನ’ ಎಂದಿರುತ್ತದೆ, ಅಂದರೆ ನಿನ್ನೆಯ ಲೆಕ್ಕ. ನಮ್ಮಲ್ಲಿ 15ನೇ ತಾರೀಕು ಬೆಳಗಿನ ಜಾವ ಎರಡು ಗಂಟೆ. ಯುಟಿಸಿಯಲ್ಲಿ ಅದು ಇನ್ನೂ 14ರ 20:30. ಕರ್‌ಡೇಟ್ 14 ಎನ್ನುತ್ತದೆ, ಅದರಿಂದ ಒಂದು ಕಳೆದರೆ 13. ಬೇಕಿದ್ದದ್ದು 14ರ ವರದಿ, ಬಂದದ್ದು 13ರದ್ದು. ಯಾವ ಲಾಗ್‌ನಲ್ಲೂ ದೋಷವಿಲ್ಲ, ಜಾಬ್ ದಿನವೂ ಓಡುತ್ತಿದೆ, ಅಂಕಿಗಳು ಮಾತ್ರ ಒಂದು ದಿನ ಹಿಂದೆ. ಹಗಲು ಹತ್ತು ಗಂಟೆಗೆ ನೀವು ಅದೇ ಕ್ವೆರಿಯನ್ನು ಕೈಯಾರೆ ಓಡಿಸಿದರೆ ಸರಿಯಾದ ಉತ್ತರವೇ ಬರುತ್ತದೆ, ಏಕೆಂದರೆ ಬೆಳಗ್ಗೆ 5:30 ದಾಟಿದ ಮೇಲೆ ಎರಡೂ ಗಡಿಯಾರದಲ್ಲಿ ತಾರೀಕು ಒಂದೇ. ಫೋನ್‌ನಲ್ಲಿ ಕೇಳಿದ "ಮೊನ್ನೆಯ ಅಂಕಿ" ಎಂಬ ದೂರು ಹುಟ್ಟುವುದು ಹೀಗೆ.

ಪರೀಕ್ಷಿಸುವುದು ಸುಲಭ. ‘ಸೆಲೆಕ್ಟ್ @@ಗ್ಲೋಬಲ್.ಟೈಮ್_ಝೋನ್, @@ಸೆಶನ್.ಟೈಮ್_ಝೋನ್, ನೌ(), ಯುಟಿಸಿ_ಟೈಮ್‌ಸ್ಟ್ಯಾಂಪ್()’ ಎಂದು ಒಂದೇ ಸಲಕ್ಕೆ ಕೇಳಿ, ಈವೆಂಟ್ ಸಾಲಿನ ಟೈಮ್_ಝೋನ್ ಜೊತೆ ಹೋಲಿಸಿ. ಈವೆಂಟ್ ತಾನು ಹುಟ್ಟಿದ ಸೆಶನ್‌ನ (ಸರ್ವರ್‌ಗೆ ಒಮ್ಮೆ ಲಾಗಿನ್ ಆಗಿ ಹೊರಬರುವವರೆಗಿನ ಸಂಪರ್ಕ) ಟೈಮ್ ಝೋನ್ ಅನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ, ಒಳಗಿನ ನೌ(), ಕರ್‌ಡೇಟ್() ಎಲ್ಲವೂ ಅದನ್ನೇ ಅನುಸರಿಸುತ್ತವೆ. ಆದ್ದರಿಂದ ಸರಿಪಡಿಸಲು ಮೊದಲು ‘ಸೆಟ್ ಟೈಮ್_ಝೋನ್ = '+05:30'’ ಕೊಟ್ಟು, ಅದೇ ಸೆಶನ್‌ನಲ್ಲಿ ‘ಆಲ್ಟರ್ ಈವೆಂಟ್ ... ಆನ್ ಸ್ಕೆಡ್ಯೂಲ್ ಎವೆರಿ 1 ಡೇ ಸ್ಟಾರ್ಟ್ಸ್ ...’ ಎಂದು ವೇಳಾಪಟ್ಟಿಯನ್ನು ಪೂರ್ತಿ ಮತ್ತೆ ಬರೆಯಿರಿ. ‘ಏಷ್ಯಾ/ಕೋಲ್ಕತಾ’ ಎಂಬ ಹೆಸರೂ ನಡೆಯುತ್ತದೆ, ಆದರೆ ಟೈಮ್ ಝೋನ್ ಟೇಬಲ್‌ಗಳನ್ನು ‘ಮೈಎಸ್‌ಕ್ಯೂಎಲ್_ಟಿಝಡ್‌ಇನ್ಫೋ_ಟು_ಎಸ್‌ಕ್ಯೂಎಲ್’ ಮೂಲಕ ತುಂಬಿಸಿರಬೇಕು. ಭಾರತದಲ್ಲಿ ಬೇಸಿಗೆಗೊಮ್ಮೆ ಗಡಿಯಾರ ಬದಲಿಸುವ ಪದ್ಧತಿ ಇಲ್ಲದಿರುವುದರಿಂದ +05:30 ಎಂಬ ಅಂಕಿ ನಮಗೆ ಸಾಕು. ಅಮೆರಿಕ, ಯುರೋಪಿನ ಸರ್ವರ್ ನೋಡಿಕೊಳ್ಳುವ ನಮ್ಮವರು ಮಾತ್ರ ಹೆಸರನ್ನೇ ಬಳಸಬೇಕು.

ಇನ್ನೊಂದು ಮಾತು. ಟೈಮ್‌ಸ್ಟ್ಯಾಂಪ್ ಬಗೆಯ ಕಾಲಂಗಳು ಸೆಶನ್‌ನ ಝೋನ್‌ಗೆ ತಕ್ಕಂತೆ ಬೇರೆ ಬೇರೆ ಸಮಯ ತೋರಿಸುತ್ತವೆ. ಡೇಟ್‌ಟೈಮ್ ಕಾಲಂಗಳು ಬರೆದದ್ದನ್ನೇ ತೋರಿಸುತ್ತವೆ. ಟೇಬಲ್‌ನಲ್ಲಿ ಎರಡೂ ಬೆರೆತಿದ್ದರೆ ಯಾವುದರ ಮೇಲೆ ತಾರೀಕಿನ ಷರತ್ತು ಹಾಕಿದ್ದೀರಿ ಎಂದು ನೋಡಿಕೊಳ್ಳಿ.

ಹಂತ 6: ಎರರ್ ಲಾಗ್‌ನಲ್ಲಿ ಸರಿಯಾದ ಗಂಟೆಯನ್ನು ಹುಡುಕಿ

ಈವೆಂಟ್ ಒಳಗಿನ ಸೆಲೆಕ್ಟ್‌ನ ಫಲ ಎಲ್ಲಿಗೂ ಬರುವುದಿಲ್ಲ, ಅದನ್ನು ಬಿಸಾಡಲಾಗುತ್ತದೆ. ದೋಷಗಳು ಮಾತ್ರ ಎರರ್ ಲಾಗ್‌ಗೆ ಹೋಗುತ್ತವೆ. ‘ಸೆಲೆಕ್ಟ್ @@ಲಾಗ್_ಎರರ್’ ಕೊಟ್ಟರೆ ಫೈಲ್ ಎಲ್ಲಿದೆ ಎಂದು ಹೇಳುತ್ತದೆ. ಉಬುಂಟುವಿನಲ್ಲಿ ಸಾಮಾನ್ಯವಾಗಿ ‘/ವಾರ್/ಲಾಗ್/ಮೈಎಸ್‌ಕ್ಯೂಎಲ್/ಎರರ್.ಲಾಗ್’, ರೆಡ್‌ಹ್ಯಾಟ್ ಬಳಗದಲ್ಲಿ ‘/ವಾರ್/ಲಾಗ್/ಮೈಎಸ್‌ಕ್ಯೂಎಲ್‌ಡಿ.ಲಾಗ್’. 8.0.22ರಿಂದ ‘ಪರ್ಫಾರ್ಮೆನ್ಸ್_ಸ್ಕೀಮಾ.ಎರರ್_ಲಾಗ್’ ಎಂಬ ಟೇಬಲ್‌ನಿಂದಲೂ ಓದಬಹುದು. ಸರ್ವರ್‌ನ ಒಳಹೋಗಲು ಅನುಮತಿ ಇಲ್ಲದವರಿಗೆ ಅದು ದೊಡ್ಡ ಅನುಕೂಲ. ‘ಈವೆಂಟ್ ಸ್ಕೆಡ್ಯೂಲರ್’ ಎಂಬ ಪದಗಳನ್ನು ಹುಡುಕಿ.

ಇಲ್ಲಿಯೂ ಗಡಿಯಾರದ ಬಲೆ. ಎರರ್ ಲಾಗ್‌ನ ಸಮಯ ತಾನಾಗಿ ಯುಟಿಸಿಯಲ್ಲೇ ಇರುತ್ತದೆ, ಸರ್ವರ್ ನಮ್ಮ ಸಮಯದಲ್ಲಿದ್ದರೂ ಕೂಡ. ರಾತ್ರಿ ಎರಡು ಗಂಟೆಯ ದೋಷ ಹಿಂದಿನ ದಿನದ 20:30ರ ಬಳಿ ಇರುತ್ತದೆ. 02:00ರ ಬಳಿ ಏನೂ ಇಲ್ಲವೆಂದು ಲಾಗ್ ಮುಚ್ಚಿಬಿಟ್ಟರೆ ಸಾಕ್ಷಿ ಕೈಯಲ್ಲಿದ್ದೂ ತಪ್ಪಿಹೋಗುತ್ತದೆ. ‘ಲಾಗ್_ಟೈಮ್‌ಸ್ಟ್ಯಾಂಪ್ಸ್’ ವೇರಿಯಬಲ್ ಅನ್ನು ‘ಸಿಸ್ಟಮ್’ ಎಂದು ಬದಲಿಸಿದರೆ ಯಂತ್ರದ ಸಮಯ ಬರುತ್ತದೆ.

ಸಂಖ್ಯೆಗಳಲ್ಲಿ ಪದೇ ಪದೇ ಸಿಗುವವು ಕೆಲವೇ. 1146 ಎಂದರೆ ಟೇಬಲ್ ಇಲ್ಲ, ಯಾರೋ ಹೆಸರು ಬದಲಿಸಿದ್ದಾರೆ. 1142 ಪರ್ಮಿಷನ್ ಇಲ್ಲ. 1062 ಅದೇ ಕೀ ಇರುವ ಸಾಲು ಆಗಲೇ ಇದೆ. ಜಾಬ್ ಎರಡನೇ ಸಲ ಓಡಿರಬಹುದು. 1290 ಬಂದರೆ ಸರ್ವರ್ ರೀಡ್ ಓನ್ಲಿ ಆಗಿದೆಯೇ ನೋಡಿ. 1205 ಮತ್ತು 1213 ಲಾಕ್‌ಗೆ, ಅಂದರೆ ಒಬ್ಬರು ಹಿಡಿದುಕೊಂಡದ್ದಕ್ಕೆ ಇನ್ನೊಬ್ಬರು ಕಾಯುವುದಕ್ಕೆ, ಸಂಬಂಧಪಟ್ಟವು, ಹಂತ 8ಕ್ಕೆ ಹೋಗಿ. 1449 ಬಂದರೆ ಮುಂದಿನ ಹಂತ.

ಹಂತ 7: ಯಾರ ಹೆಸರಿನಲ್ಲಿ ಓಡುತ್ತಿದೆ?

ಪ್ರತಿ ಈವೆಂಟ್ ಅದರ ಡಿಫೈನರ್‌ನ, ಅಂದರೆ ಅದು ಯಾವ ಯೂಸರ್ ಹೆಸರಿನಲ್ಲಿದೆಯೋ ಅವರ, ಅಧಿಕಾರದಲ್ಲೇ ಓಡುತ್ತದೆ. ಕೆಲಸ ಬಿಟ್ಟುಹೋದವರ ಯೂಸರ್ ಖಾತೆಯನ್ನು ಭದ್ರತೆಯ ದೃಷ್ಟಿಯಿಂದ ಅಳಿಸುವುದು ಸರಿಯಾದ ಕ್ರಮವೇ. ಆದರೆ ಅವರ ಹೆಸರಿನಲ್ಲಿದ್ದ ಈವೆಂಟ್‌ಗಳು ಆ ರಾತ್ರಿಯಿಂದಲೇ ಬೀಳುತ್ತವೆ. ಖಾತೆ ಅಳಿಸುವ ಮೊದಲು ಈವೆಂಟ್ಸ್, ರೂಟೀನ್ಸ್, ವ್ಯೂಸ್ ಟೇಬಲ್‌ಗಳಲ್ಲಿ ಡಿಫೈನರ್ ಕಾಲಂ ಹುಡುಕುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಬಹಳ ಜನಕ್ಕೆ ತಿಳಿಯದ ಸಂಗತಿ: ಈವೆಂಟನ್ನು ಯಾರು ‘ಆಲ್ಟರ್’ ಮಾಡುತ್ತಾರೋ ಅವರೇ ಹೊಸ ಡಿಫೈನರ್ ಆಗುತ್ತಾರೆ. ಬರೀ ಸಮಯ ಬದಲಿಸಲು ಕಡಿಮೆ ಅಧಿಕಾರದ ಯೂಸರ್‌ನಿಂದ ಆಲ್ಟರ್ ಕೊಟ್ಟರೆ, ಸಮಯ ಸರಿಹೋಗಿ ಪರ್ಮಿಷನ್ ಕೆಡುತ್ತದೆ. ಹಾಗಾಗಿ ‘ಆಲ್ಟರ್ ಡಿಫೈನರ್ = ... ಈವೆಂಟ್ ...’ ಎಂದು ಹೆಸರು ಹಾಕಿಯೇ ಬರೆಯಿರಿ. ನಿಗದಿತ ಕೆಲಸಗಳಿಗೆಂದೇ ಒಂದು ಯೂಸರ್ ಮಾಡಿ, ಬೇಕಾದಷ್ಟೇ ಪರ್ಮಿಷನ್ ಕೊಟ್ಟು, ಎಲ್ಲ ಈವೆಂಟ್‌ಗಳನ್ನೂ ಅದರ ಹೆಸರಿಗೆ ತಂದುಬಿಟ್ಟರೆ ಈ ಹಂತದ ತೊಂದರೆ ಮತ್ತೆ ಬರುವುದಿಲ್ಲ.

ಹಂತ 8: ಲಾಕ್, ಮತ್ತು ಒಂದರ ಮೇಲೊಂದು ಬೀಳುವ ಓಟಗಳು

ಜಾಬ್ ಇನ್ನೂ ಓಡುತ್ತಿದ್ದರೆ ‘ಶೋ ಫುಲ್ ಪ್ರೋಸೆಸ್‌ಲಿಸ್ಟ್’ನಲ್ಲಿ ಅದರ ಸ್ಥಿತಿ ಕಾಣುತ್ತದೆ. ‘ವೇಟಿಂಗ್ ಫಾರ್ ಟೇಬಲ್ ಮೆಟಾಡೇಟಾ ಲಾಕ್’ ಎಂದಿದ್ದರೆ ಅದು ಕೆಲಸ ಮಾಡುತ್ತಿಲ್ಲ, ಕಾಯುತ್ತಿದೆ. ಈ ಕಾಯುವಿಕೆಯ ಮಿತಿ, ‘ಲಾಕ್_ವೇಟ್_ಟೈಮ್‌ಔಟ್’, ತಾನಾಗಿ ಒಂದು ವರ್ಷ! ಸಾಲುಗಳ ಮೇಲಿನ ಲಾಕ್‌ಗೆ ಮಿತಿ ಬೇರೆ: ‘ಇನ್ನೊಡಿಬಿ_ಲಾಕ್_ವೇಟ್_ಟೈಮ್‌ಔಟ್’ 50 ಸೆಕೆಂಡ್, ಅದು ಮೀರಿದರೆ 1205. ಯಾರು ಹಿಡಿದುಕೊಂಡಿದ್ದಾರೆ ಎಂದು ‘ಸಿಸ್.ಇನ್ನೊಡಿಬಿ_ಲಾಕ್_ವೇಟ್ಸ್’ ಮತ್ತು ‘ಸಿಸ್.ಸ್ಕೀಮಾ_ಟೇಬಲ್_ಲಾಕ್_ವೇಟ್ಸ್’ ಎಂಬ ಎರಡು ವ್ಯೂಗಳು ನೇರವಾಗಿ ಹೇಳುತ್ತವೆ. ಹೆಚ್ಚಾಗಿ ಸಿಗುವುದು ಕಮಿಟ್ ಮಾಡದೆ (ಬದಲಾವಣೆಯನ್ನು ಖಾಯಂಗೊಳಿಸದೆ) ಬಿಟ್ಟುಹೋದ ಒಂದು ಕನೆಕ್ಷನ್. ಸಂಜೆ ಯಾರೋ ಡೇಟಾ ತಿದ್ದಲು ಹೋಗಿ ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಹೋಗಿರುತ್ತಾರೆ.

ಬೆಳಗ್ಗೆ ನೋಡುವಾಗ ಈ ಸಾಕ್ಷಿಗಳೆಲ್ಲ ಆವಿಯಾಗಿರುತ್ತವೆ, ಲಾಗ್‌ನಲ್ಲಿ 1205 ಒಂದೇ ಉಳಿದಿರುತ್ತದೆ. ಆಗ ಮೂರು ನಾಲ್ಕು ರಾತ್ರಿ 1:55ರಿಂದ 2:30ರವರೆಗೆ ನಿಮಿಷಕ್ಕೊಮ್ಮೆ ಪ್ರೋಸೆಸ್‌ಲಿಸ್ಟ್ ಅನ್ನು ಫೈಲ್‌ಗೆ ಬರೆಯುವ ಒಂದು ಸಣ್ಣ ಕ್ರಾನ್ ಹಾಕಿ. ಹೀಗೆ ಹಾಕಿದಾಗ ನನಗೆ ಸಿಕ್ಕ ಕಳ್ಳ ಹಲವು ಸಲ ಬ್ಯಾಕಪ್ಪೇ. ಒಳಗಿನ ಈವೆಂಟ್ ಎರಡು ಗಂಟೆಗೆ, ಹೊರಗಿನ ಮೈಎಸ್‌ಕ್ಯೂಎಲ್‌ಡಂಪ್ ಕೂಡ ಎರಡು ಗಂಟೆಗೆ. ‘--ಸಿಂಗಲ್-ಟ್ರಾನ್ಸಾಕ್ಷನ್’ ಇಲ್ಲದೆ ಓಡಿದ ಡಂಪ್ ಟೇಬಲ್‌ಗಳನ್ನು ಲಾಕ್ ಮಾಡಿ ಕೂರುತ್ತದೆ, ಬರೆಯಲು ಬಂದ ಈವೆಂಟ್ ಬಾಗಿಲ ಹೊರಗೆ ನಿಲ್ಲುತ್ತದೆ. ಆ ಆಯ್ಕೆ ಸೇರಿಸಿ, ಎರಡರ ನಡುವೆ ಸಾಕಷ್ಟು ಅಂತರವನ್ನೂ ಇಡಿ.

ಓಟಗಳು ಒಂದರ ಮೇಲೊಂದು ಬೀಳುವುದು ಇನ್ನೊಂದು ತೊಂದರೆ. ಐದು ನಿಮಿಷಕ್ಕೊಮ್ಮೆ ಓಡುವ ಈವೆಂಟ್ ಒಂದು ದಿನ ಏಳು ನಿಮಿಷ ತೆಗೆದುಕೊಂಡರೆ, ಹಳೆಯದು ಮುಗಿಯುವ ಮೊದಲೇ ಹೊಸದು ಶುರುವಾಗುತ್ತದೆ, ಮೈಎಸ್‌ಕ್ಯೂಎಲ್ ತಡೆಯುವುದಿಲ್ಲ. ಎರಡೂ ಒಂದೇ ಟೇಬಲ್‌ಗೆ ಕಿತ್ತಾಡಿ ಇನ್ನೂ ನಿಧಾನವಾಗುತ್ತವೆ, ಮೂರನೆಯದು ಸೇರಿಕೊಳ್ಳುತ್ತದೆ. ಪ್ರೊಸೀಜರ್‌ನ ಮೊದಲಲ್ಲೇ ‘ಗೆಟ್_ಲಾಕ್('ಜಾಬ್ ಹೆಸರು', 0)’ ಎಂದು ಕೇಳಿ, 1 ಬರದಿದ್ದರೆ ಏನೂ ಮಾಡದೆ ಹೊರಬನ್ನಿ, ಕೊನೆಯಲ್ಲಿ ‘ರಿಲೀಸ್_ಲಾಕ್’ ಕೊಡಿ. ಮಧ್ಯೆ ಸೆಶನ್ ಸತ್ತರೆ ಲಾಕ್ ತಾನೇ ಬಿಡುಗಡೆಯಾಗುತ್ತದೆ. ಲಕ್ಷಗಟ್ಟಲೆ ಸಾಲು ಅಳಿಸುವ ಜಾಬ್ ಆಗಿದ್ದರೆ ಒಂದೇ ಏಟಿಗೆ ಅಳಿಸದೆ, ‘ಲಿಮಿಟ್ 5000’ ಎಂದು ಕಂತಿನಲ್ಲಿ ಅಳಿಸಿ, ಪ್ರತಿ ಕಂತಿಗೂ ಕಮಿಟ್ ಮಾಡಿ.

ಕ್ರಾನ್‌ನಲ್ಲಿರುವ ಜಾಬ್ ಆದರೆ

ಜಾಬ್ ಹೊರಗಿನದಾಗಿದ್ದರೆ 3ರಿಂದ 7ರವರೆಗಿನ ಹಂತಗಳ ಬದಲು ಇದನ್ನು ಹಿಡಿಯಿರಿ. ಮೊದಲು, ಕ್ರಾನ್ ಅದನ್ನು ಎಬ್ಬಿಸಿತೇ? ಉಬುಂಟುವಿನಲ್ಲಿ ‘/ವಾರ್/ಲಾಗ್/ಸಿಸ್‌ಲಾಗ್’ ಒಳಗೆ ‘ಕ್ರಾನ್’ ಎಂದು ಹುಡುಕಿ, ರೆಡ್‌ಹ್ಯಾಟ್ ಬಳಗದಲ್ಲಿ ‘/ವಾರ್/ಲಾಗ್/ಕ್ರಾನ್’ ನೋಡಿ. ಅಲ್ಲಿ ಸಾಲು ಇದ್ದರೆ ಎಬ್ಬಿಸಿದೆ ಎಂದಷ್ಟೇ ಅರ್ಥ, ಕೆಲಸ ಆಯಿತೆಂದಲ್ಲ. ಸಾಲೇ ಇಲ್ಲದಿದ್ದರೆ ಬೇರೆ ಯೂಸರ್‌ನ ಕ್ರಾನ್‌ಟ್ಯಾಬ್‌ನಲ್ಲಿ (ಕ್ರಾನ್ ಕೆಲಸಗಳ ಪಟ್ಟಿ) ಇದೆಯೇ ನೋಡಿ. ‘ಕ್ರಾನ್‌ಟ್ಯಾಬ್ -ಎಲ್’ ತೋರಿಸುವುದು ನಿಮ್ಮದನ್ನು ಮಾತ್ರ. ಟೈಮ್ ಝೋನ್ ಇತ್ತೀಚೆಗೆ ಬದಲಿಸಿದ್ದರೆ ಕ್ರಾನ್ ಸೇವೆಯನ್ನು ರೀಸ್ಟಾರ್ಟ್ ಮಾಡಿ, ಇಲ್ಲವಾದರೆ ಅದು ಹಳೆಯ ಸಮಯದಲ್ಲೇ ಇರುತ್ತದೆ.

"ಕೈಯಲ್ಲಿ ಓಡಿಸಿದರೆ ಓಡುತ್ತದೆ, ಕ್ರಾನ್‌ನಲ್ಲಿ ಓಡಲ್ಲ" ಎಂಬ ಮಾತಿಗೆ ಕಾರಣ ಪರಿಸರದ ವ್ಯತ್ಯಾಸ. ನೀವು ಲಾಗಿನ್ ಆದಾಗ ಸಿಗುವ ಪಾತ್ (ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಕ್ರಾನ್‌ಗೆ ಸಿಗದು, ಅದಕ್ಕೆ ಗೊತ್ತಿರುವುದು ‘/ಯುಎಸ್‌ಆರ್/ಬಿನ್’ ಮತ್ತು ‘/ಬಿನ್’ ಅಷ್ಟೇ. ಸ್ಕ್ರಿಪ್ಟ್‌ನಲ್ಲಿ ಪ್ರತಿ ಕಮಾಂಡ್‌ಗೂ ಪೂರ್ತಿ ವಿಳಾಸ ಬರೆಯಿರಿ. ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲ್ ಯಾರ ಹೋಮ್ ಡೈರೆಕ್ಟರಿಯಲ್ಲಿದೆ, ಜಾಬ್ ಯಾರ ಹೆಸರಲ್ಲಿ ಓಡುತ್ತಿದೆ ಎಂದು ಹೋಲಿಸಿ.

ಆಮೇಲೆ ಶೇಕಡಾ ಚಿಹ್ನೆ. ಬ್ಯಾಕಪ್ ಫೈಲ್‌ಗೆ ತಾರೀಕಿನ ಹೆಸರಿಡಲು ‘ಡೇಟ್’ ಕಮಾಂಡ್ ಜೊತೆ % ಬಳಸುತ್ತೇವೆ. ಕ್ರಾನ್‌ಟ್ಯಾಬ್ ಸಾಲಿನಲ್ಲಿ % ಎಂದರೆ ಹೊಸ ಸಾಲು ಎಂದರ್ಥ; ಕಮಾಂಡ್ ಅಲ್ಲಿಗೇ ತುಂಡಾಗುತ್ತದೆ. ಪ್ರತಿ % ಹಿಂದೆ \ ಹಾಕಬೇಕು, ಅಥವಾ ಎಲ್ಲವನ್ನೂ ಸ್ಕ್ರಿಪ್ಟ್ ಫೈಲ್‌ನೊಳಗೆ ಬರೆದು ಕ್ರಾನ್‌ಟ್ಯಾಬ್‌ನಲ್ಲಿ ಅದರ ಹೆಸರಷ್ಟೇ ಇಡಬೇಕು. ಎರಡನೆಯದನ್ನೇ ಮಾಡಿ.

ಔಟ್‌ಪುಟ್ ಎಲ್ಲಿಗೆ ಹೋಗುತ್ತಿದೆ? ಕ್ರಾನ್ ಅದನ್ನು ಮೇಲ್ ಮಾಡಲು ನೋಡುತ್ತದೆ, ಸರ್ವರ್‌ನಲ್ಲಿ ಮೇಲ್ ವ್ಯವಸ್ಥೆ ಇಲ್ಲದಿದ್ದರೆ ದೋಷದ ಸಂದೇಶ ಬಿಸಾಡಿಹೋಗುತ್ತದೆ. ಸಾಲಿನ ಕೊನೆಗೆ ‘>> ಲಾಗ್ ಫೈಲ್ 2>&1’ ಸೇರಿಸಿ, ಒಂದು ರಾತ್ರಿ ಕಾಯಿರಿ. ಬಹಳ ಸಲ ಉತ್ತರ ಅಲ್ಲೇ ಸಿಗುತ್ತದೆ.

ಬ್ಯಾಕಪ್ ಜಾಬ್‌ಗಳಲ್ಲಿ ನನ್ನನ್ನು ಅತಿ ಹೆಚ್ಚು ಹೆದರಿಸುವುದು 20 ಬೈಟ್‌ನ ಫೈಲ್. ಮೈಎಸ್‌ಕ್ಯೂಎಲ್‌ಡಂಪ್‌ನ ಔಟ್‌ಪುಟ್ ಅನ್ನು ಪೈಪ್ ಮೂಲಕ ನೇರವಾಗಿ, ಫೈಲ್ ಒತ್ತಿ ಚಿಕ್ಕದು ಮಾಡುವ ಜಿಝಿಪ್‌ಗೆ ಕೊಟ್ಟಿರುತ್ತೇವೆ. ಪಾಸ್‌ವರ್ಡ್ ಬದಲಾಗಿ ಡಂಪ್ ಬಿದ್ದರೂ ಜಿಝಿಪ್ ತನ್ನ ಕೆಲಸ ಮುಗಿಸುತ್ತದೆ: ಏನೂ ಇಲ್ಲದ್ದನ್ನು ಒತ್ತಿ 20 ಬೈಟ್‌ನ ಫೈಲ್ ಮಾಡಿ, ‘ಯಶಸ್ಸು’ ಎಂದು ಹಿಂತಿರುಗುತ್ತದೆ. ಪೈಪ್‌ನ ಫಲಿತಾಂಶ ಎಂದರೆ ಕೊನೆಯ ಕಮಾಂಡ್‌ನ ಫಲಿತಾಂಶ. ದಿನಾ ಹೊಸ ತಾರೀಕಿನ ಫೈಲ್ ಬರುತ್ತಿರುತ್ತದೆ, ಎಲ್ಲವೂ ಖಾಲಿ. ಸ್ಕ್ರಿಪ್ಟ್ ಅನ್ನು ಬ್ಯಾಶ್‌ನಲ್ಲಿ ಓಡಿಸಿ, ಮೇಲೆಯೇ ‘ಸೆಟ್ -ಓ ಪೈಪ್‌ಫೇಲ್’ ಬರೆಯಿರಿ. ಜೊತೆಗೆ ಡಂಪ್‌ನ ಕೊನೆಯ ಸಾಲು ‘ಡಂಪ್ ಕಂಪ್ಲೀಟೆಡ್’ ಎಂದಿದೆಯೇ ಎಂದು ಸ್ಕ್ರಿಪ್ಟೇ ನೋಡಲಿ. ಅರ್ಧಕ್ಕೆ ನಿಂತ ಡಂಪ್‌ನಲ್ಲಿ ಆ ಸಾಲು ಇರುವುದಿಲ್ಲ.

ಹಂತ 9: ಜಾಬ್‌ಗೆ ನೆನಪು ಕೊಡಿ

ಇಲ್ಲಿಯವರೆಗೆ ಮಾಡಿದ್ದೆಲ್ಲ ಹೆಜ್ಜೆಗುರುತು ಹುಡುಕುವ ಕೆಲಸ. ಇನ್ನು ಮುಂದೆ ಜಾಬ್ ತಾನೇ ಗುರುತು ಬಿಟ್ಟುಹೋಗುವಂತೆ ಮಾಡೋಣ. ‘ಜಾಬ್_ಲಾಗ್’ ಎಂಬ ಇನ್ನೊಡಿಬಿ (ಕಮಿಟ್, ರೋಲ್‌ಬ್ಯಾಕ್ ನಡೆಯುವ ಬಗೆಯ) ಟೇಬಲ್ ಮಾಡಿ. ಕಾಲಂಗಳು: ಜಾಬ್‌ನ ಹೆಸರು, ಯಾವ ದಿನದ ಲೆಕ್ಕ, ಶುರುವಾದ ಸಮಯ, ಮುಗಿದ ಸಮಯ, ಸ್ಥಿತಿ, ಎಷ್ಟು ಸಾಲು, ದೋಷದ ಸಂದೇಶ.

ಈವೆಂಟ್ ಒಳಗೆ ಉದ್ದದ ಕೋಡ್ ಬರೆಯಬೇಡಿ. ಎಲ್ಲವನ್ನೂ ಒಂದು ಸ್ಟೋರ್ಡ್ ಪ್ರೊಸೀಜರ್‌ನಲ್ಲಿಟ್ಟು, ಈವೆಂಟ್‌ನಲ್ಲಿ ‘ಕಾಲ್’ ಮಾತ್ರ ಇರಲಿ. ಪ್ರೊಸೀಜರ್ ಲೆಕ್ಕದ ತಾರೀಕನ್ನು ಪ್ಯಾರಾಮೀಟರ್ ಆಗಿ ತೆಗೆದುಕೊಳ್ಳಲಿ. ಒಳಗಿನ ಕ್ರಮ ಹೀಗಿರಲಿ:

1. ‘ಶುರು’ ಎಂಬ ಸಾಲನ್ನು ಜಾಬ್_ಲಾಗ್‌ಗೆ ಸೇರಿಸಿ, ತಕ್ಷಣ ಕಮಿಟ್ ಮಾಡಿ.
2. ಟ್ರಾನ್ಸಾಕ್ಷನ್ (ಎಲ್ಲವೂ ಒಟ್ಟಿಗೆ ಉಳಿಯುವ ಅಥವಾ ಒಟ್ಟಿಗೆ ರದ್ದಾಗುವ ಬದಲಾವಣೆಗಳ ಗುಂಪು) ಶುರುಮಾಡಿ, ನಿಜವಾದ ಕೆಲಸ ಮಾಡಿ.
3. ಅದೇ ಟ್ರಾನ್ಸಾಕ್ಷನ್‌ನಲ್ಲಿ ಆ ಸಾಲನ್ನು ‘ಮುಗಿಯಿತು’ ಎಂದು ತಿದ್ದಿ, ಕಮಿಟ್ ಮಾಡಿ.
4. ದೋಷ ಬಂದರೆ ಹಿಡಿಯಲು ಆರಂಭದಲ್ಲೇ ‘ಎಕ್ಸಿಟ್ ಹ್ಯಾಂಡ್ಲರ್ ಫಾರ್ ಎಸ್‌ಕ್ಯೂಎಲ್‌ಎಕ್ಸೆಪ್ಷನ್’ ಘೋಷಿಸಿರಿ.

ಹ್ಯಾಂಡ್ಲರ್ ಒಳಗಿನ ಕ್ರಮ ತಪ್ಪಬಾರದು. ಮೊಟ್ಟಮೊದಲು ‘ಗೆಟ್ ಡಯಾಗ್ನೋಸ್ಟಿಕ್ಸ್’ ಮೂಲಕ ದೋಷದ ಸಂಖ್ಯೆ, ಸಂದೇಶ ಎತ್ತಿಟ್ಟುಕೊಳ್ಳಿ. ನಡುವೆ ಬೇರೆ ಕಮಾಂಡ್ ಬಂದರೆ ಅವು ಅಳಿಸಿಹೋಗಬಹುದು. ಆಮೇಲೆ ರೋಲ್‌ಬ್ಯಾಕ್ (ಕಮಿಟ್ ಆಗದ ಬದಲಾವಣೆಗಳ ರದ್ದತಿ), ಆಮೇಲೆ ಜಾಬ್_ಲಾಗ್‌ನಲ್ಲಿ ‘ಬಿತ್ತು’ ಎಂದು ಬರೆದು ಕಮಿಟ್. ರೋಲ್‌ಬ್ಯಾಕ್‌ಗೆ ಮೊದಲೇ ಬರೆದರೆ ನಿಮ್ಮ ಬರಹವೂ ಅದರೊಂದಿಗೆ ಹೋಗುತ್ತದೆ. ಕೊನೆಯಲ್ಲಿ ‘ರೀಸಿಗ್ನಲ್’ ಕೊಡಿ. ಕೊಡದಿದ್ದರೆ ದೋಷ ಹ್ಯಾಂಡ್ಲರ್‌ನಲ್ಲೇ ಇಂಗಿಹೋಗಿ ಎರರ್ ಲಾಗ್‌ಗೆ ತಲುಪುವುದಿಲ್ಲ.

ಈಗ ಹಂತ 1ರ ಪ್ರಶ್ನೆಗೆ ಒಂದೇ ಸೆಲೆಕ್ಟ್‌ನಲ್ಲಿ ಉತ್ತರ. ಸಾಲೇ ಇಲ್ಲ: ಶುರುವಾಗಿಲ್ಲ. ‘ಬಿತ್ತು’: ಕಾರಣ ಪಕ್ಕದಲ್ಲೇ ಇದೆ. ‘ಶುರು’ ಎಂದೇ ನಿಂತಿದೆ: ಓಡುತ್ತಿದೆ, ಅಥವಾ ಸರ್ವರ್ ಮಧ್ಯೆ ಸತ್ತಿದೆ. ‘ಮುಗಿಯಿತು’, ಆದರೆ ಸಾಲುಗಳ ಸಂಖ್ಯೆ ಸೊನ್ನೆ: ತಾರೀಕಿನ ತಪ್ಪು ಹುಡುಕಿ.

ಇದರ ಮೇಲೆ ಒಬ್ಬ ಕಾವಲುಗಾರ ಬೇಕು. ಜಾಬ್ ಬಿದ್ದಾಗ ಸುದ್ದಿ ಕಳಿಸುವ ವ್ಯವಸ್ಥೆ ಸಾಲದು, ಏಕೆಂದರೆ ಶುರುವೇ ಆಗದ ಜಾಬ್ ಯಾವ ಸುದ್ದಿಯನ್ನೂ ಕಳಿಸಲಾರದು. ಬೆಳಗ್ಗೆ ಆರು ಗಂಟೆಗೆ ಬೇರೊಂದು ಯಂತ್ರದಿಂದ ಜಾಬ್_ಲಾಗ್ ಓದಿ, ನಿನ್ನೆಯ ತಾರೀಕಿಗೆ ‘ಮುಗಿಯಿತು’ ಎಂಬ ಸಾಲು ಇಲ್ಲದಿದ್ದರೆ ಫೋನ್‌ಗೆ ಸಂದೇಶ ಬರುವಂತೆ ಮಾಡಿ. ಬೇರೆ ಯಂತ್ರ ಎಂಬುದು ಮುಖ್ಯ. ಅದೇ ಸರ್ವರ್ ಮಲಗಿದರೆ ಕಾವಲುಗಾರನೂ ಜೊತೆಗೆ ಮಲಗುತ್ತಾನೆ.

ಹಂತ 10: ತಪ್ಪಿದ ದಿನಗಳನ್ನು ತುಂಬಿ, ಪರೀಕ್ಷಿಸಿ

ಈಗ ಕೈಯಾರೆ ಓಡಿಸಬಹುದು. ಪ್ರೊಸೀಜರ್ ತಾರೀಕು ಕೇಳುವುದರಿಂದ, ತಪ್ಪಿದ ಪ್ರತಿ ದಿನಕ್ಕೂ ಒಂದೊಂದು ‘ಕಾಲ್’, ಹಳೆಯದರಿಂದ ಹೊಸದಕ್ಕೆ. ಫಲ ಬರೆಯುವ ಟೇಬಲ್‌ಗೆ ಖಾತೆ ಮತ್ತು ತಾರೀಕು ಸೇರಿದ ಯೂನಿಕ್ ಕೀ ಹಾಕಿ. ಅದೇ ದಿನಕ್ಕೆ ಎರಡನೇ ಸಲ ಓಡಿಸಿದರೆ 1062 ಬಂದು ನಿಲ್ಲುತ್ತದೆ. ನನ್ನ ಎರಡು ದಿನದ ಬಡ್ಡಿ ತಿದ್ದುವ ಕೆಲಸವನ್ನು ಉಳಿಸಬಹುದಾಗಿದ್ದದ್ದು ಆ ಒಂದು ಕೀ.

ತಿದ್ದಿದ ಈವೆಂಟ್ ಸರಿಯಾಯಿತೇ ಎಂದು ತಿಳಿಯಲು ರಾತ್ರಿಯವರೆಗೆ ಕಾಯಬೇಕಿಲ್ಲ. ಅದೇ ಡಿಫೈನರ್ ಹೆಸರಿನಲ್ಲಿ, ಎರಡು ನಿಮಿಷದ ನಂತರ ಒಮ್ಮೆ ಮಾತ್ರ ಓಡುವ ಇನ್ನೊಂದು ಈವೆಂಟ್ ಬರೆದು, ಪರೀಕ್ಷೆಗೆಂದು ಮಾಡಿದ ಡೇಟಾಬೇಸ್‌ನಲ್ಲಿ ಅದೇ ಪ್ರೊಸೀಜರ್ ಕರೆಸಿ. ನಿಮ್ಮ ಕೈಯಿಂದ ‘ಕಾಲ್’ ಮಾಡಿ ನೋಡುವುದು ಇದಕ್ಕೆ ಸಮವಲ್ಲ. ಆಗ ಓಡುವುದು ನಿಮ್ಮ ಅಧಿಕಾರದಲ್ಲಿ, ನಿಮ್ಮ ಸೆಶನ್‌ನ ಗಡಿಯಾರದಲ್ಲಿ. ಕ್ರಾನ್ ಜಾಬ್‌ಗೂ ಹೀಗೆಯೇ: ಸಾಲಿನ ಸಮಯವನ್ನು ಎರಡು ನಿಮಿಷ ಮುಂದಕ್ಕೆ ಇಟ್ಟು ಕ್ರಾನ್‌ನಿಂದಲೇ ಓಡಿಸಿ, ಆಮೇಲೆ ಮರೆಯದೆ ಹಿಂದಿನ ಸಮಯಕ್ಕೆ ತನ್ನಿ.

ಬ್ಯಾಕಪ್ ಜಾಬ್ ಆಗಿದ್ದರೆ ಇನ್ನೊಂದು ಕೆಲಸ ಬಾಕಿ. ಇವತ್ತು ಬಂದ ಫೈಲನ್ನು ಬೇರೆ ಯಂತ್ರದ ಖಾಲಿ ಮೈಎಸ್‌ಕ್ಯೂಎಲ್‌ಗೆ ತುಂಬಿಸಿ, ದೊಡ್ಡ ಮೂರು ಟೇಬಲ್‌ಗಳ ಸಾಲುಗಳನ್ನು ಎಣಿಸಿ ಅಸಲಿನ ಜೊತೆ ಹೋಲಿಸಿ, ‘ಶೋ ಈವೆಂಟ್ಸ್’ ಕೊಟ್ಟು ಈವೆಂಟ್‌ಗಳೂ ಬಂದಿವೆಯೇ ನೋಡಿ. ಆ ಯಂತ್ರದಲ್ಲಿ ಈವೆಂಟ್ ಸ್ಕೆಡ್ಯೂಲರ್ ಅನ್ನು ಮೊದಲೇ ಆಫ್ ಮಾಡಿಟ್ಟಿರಿ. ಇಲ್ಲದಿದ್ದರೆ ರಾತ್ರಿ ಎರಡಕ್ಕೆ ಅಲ್ಲಿಯೂ ಬಡ್ಡಿ ಬೀಳತೊಡಗಿ, ನಾಳೆ ಹೋಲಿಸುವಾಗ ಎಣಿಕೆ ತಾಳೆಯಾಗುವುದಿಲ್ಲ.